ಅನರ್ಥದಂಡ ಮತ್ತು ಯೂನಿಟ್ಟಿನ ಲೆಕ್ಕ

ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ. ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿದೀಪಗಳು 1905ರವರೆಗೆ ಕಾಯಬೇಕಾಯಿತು, ಹಳ್ಳಿಗಳು ಇನ್ನೂ ಹಲವು ದಶಕ. ಅಂದಿನ ಸಂಸ್ಥಾನದ ಲೆಕ್ಕಪುಸ್ತಕದಲ್ಲಿ ಇದು ತಪ್ಪಾಗಿ ಕಾಣುವಂಥದ್ದಲ್ಲ. ಗಣಿ ಕಂಪನಿ ಕಾಸು ಕೊಡುತ್ತಿತ್ತು, ಸೀಮೆಎಣ್ಣೆ ಬುಡ್ಡಿಯ ಮನೆ ಕೊಡುತ್ತಿರಲಿಲ್ಲ. ಆದರೆ ನೆಲದಾಳದಿಂದ ಚಿನ್ನ ಎತ್ತಲು ಸುರಿದ ಶಕ್ತಿಯನ್ನೂ ಹೆರಿಗೆ ಕೋಣೆಯಲ್ಲಿ ಉರಿಯುವ ದೀಪದ ಶಕ್ತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಮ್ಮ ಅಭ್ಯಾಸ ಆಗಲೇ ಬೇರೂರಿತು. ಶಕ್ತಿ ಬಳಕೆ ಹೆಚ್ಚಿದರೆ ದೇಶ ಬೆಳೆಯುತ್ತದೆಯೇ ಎಂಬ ಚರ್ಚೆ ನಡೆಯುವುದು ಇಂದಿಗೂ ಆ ತಕ್ಕಡಿಯ ಮುಂದೆಯೇ.

ಬೆಳವಣಿಗೆಯ ವಕೀಲರ ಮಾತಿನಲ್ಲಿ ದೊಡ್ಡ ಸತ್ಯವಿದೆ, ಅದನ್ನು ಮೊದಲೇ ಒಪ್ಪಿಕೊಳ್ಳಬೇಕು. ಭಾರತದಲ್ಲಿ ತಲಾ ವಿದ್ಯುತ್ ಬಳಕೆ ವರ್ಷಕ್ಕೆ ಸುಮಾರು 1,400 ಯೂನಿಟ್. ಅಮೆರಿಕದಲ್ಲಿ 12,000ದ ಆಸುಪಾಸು. ಲಸಿಕೆ ಕೆಡದಂತೆ ಇಡುವ ಫ್ರಿಜ್, ನೀರೆತ್ತುವ ಪಂಪು, ಹೊಗೆಯಿಲ್ಲದ ಒಲೆ, ಓದುವ ಮಗುವಿನ ದೀಪ ಇವು ಯಾವುವೂ ಶಕ್ತಿಯಿಲ್ಲದೆ ಬರುವುದಿಲ್ಲ. ಬಡತನದ ಮೆಟ್ಟಿಲುಗಳಲ್ಲಿ ಪ್ರತಿ ಹೊಸ ಯೂನಿಟ್ಟೂ ಆಯುಷ್ಯವಾಗಿ, ಅಕ್ಷರವಾಗಿ ಮಾರ್ಪಡುತ್ತದೆ. ಮೇಲಕ್ಕೆ ಹೋದಂತೆ ಈ ಮಾರ್ಪಾಡು ಸೋಲತೊಡಗುತ್ತದೆ. ಸರಾಸರಿ ಅಮೆರಿಕನ್ನನು ಬಳಸುವ ಒಟ್ಟು ಶಕ್ತಿಯ ಅರ್ಧದಷ್ಟರಲ್ಲಿ ಬದುಕುವ ಜಪಾನೀಯನು ಅವನಿಗಿಂತ ಹಲವು ವರ್ಷ ಹೆಚ್ಚು ಬಾಳುತ್ತಾನೆ. ಉಳಿದರ್ಧ ಶಕ್ತಿ ಏನು ಮಾಡಿತು ಎಂದು ಕೇಳಿದರೆ ಜಿಡಿಪಿಯ ಬಳಿ ಉತ್ತರವಿಲ್ಲ. ಆ ಪ್ರಶ್ನೆಯನ್ನು ಕೇಳಲೆಂದು ಅದನ್ನು ಕಟ್ಟಿದ್ದೂ ಅಲ್ಲ.

ಎಂಜಿನಿಯರಿಂಗ್ ಈ ಗಂಟನ್ನು ಬಿಡಿಸುತ್ತದೆ, ಒಳ್ಳೆಯ ಯಂತ್ರ ಬಂದರೆ ಕಡಿಮೆ ಶಕ್ತಿಯಲ್ಲಿ ಹೆಚ್ಚು ಸಂಪತ್ತು ಹುಟ್ಟುತ್ತದೆ ಎನ್ನುವವರಿದ್ದಾರೆ. ಬ್ರಿಟನ್ನಿನ ಉದಾಹರಣೆ ಅವರ ಪರವಾಗಿಯೇ ಇದೆ: 1990ರಿಂದೀಚೆಗೆ ಅದರ ಆರ್ಥಿಕತೆ ದೊಡ್ಡದಾಗಿದೆ, ಶಕ್ತಿ ಬಳಕೆ ಇಳಿದಿದೆ. ಕಾರ್ಖಾನೆಗಳು ಹೊರದೇಶಕ್ಕೆ ಹೋದದ್ದು ಒಂದು ಪಾಲು ಕಾರಣ, ಪೂರ್ತಿ ಕಾರಣವಲ್ಲ. ಆದರೆ ಜಗತ್ತನ್ನು ಇಡಿಯಾಗಿ ನೋಡಿದರೆ ಬಳಕೆ ಏರುತ್ತಲೇ ಇದೆ. ಏಕೆಂದು ವಿಲಿಯಂ ಸ್ಟಾನ್ಲಿ ಜೆವನ್ಸ್ 1865ರಲ್ಲೇ ತನ್ನ ಕಲ್ಲಿದ್ದಲಿನ ಪುಸ್ತಕದಲ್ಲಿ ತೋರಿಸಿದ್ದ. ಸ್ಕಾಟ್ಲೆಂಡಿನಲ್ಲಿ ಒಂದು ಟನ್ ಕಬ್ಬಿಣಕ್ಕೆ ಬೇಕಾದ ಕಲ್ಲಿದ್ದಲು ಹಿಂದಿನದರ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯಿತು. ಆದರೂ 1830ರಿಂದ 1863ರ ನಡುವೆ ಅಲ್ಲಿನ ಒಟ್ಟು ಕಲ್ಲಿದ್ದಲು ಬಳಕೆ ಹತ್ತುಪಟ್ಟಾಯಿತು. ಉಳಿತಾಯ ಕಬ್ಬಿಣವನ್ನು ಅಗ್ಗಮಾಡಿತು, ಅಗ್ಗವಾದದ್ದಕ್ಕೆ ಹೊಸ ಆಸೆಗಳು ಹುಟ್ಟಿದವು. ಪ್ರತಿಸಲವೂ ಹೀಗೇ ಆಗಬೇಕೆಂಬ ನಿಯಮವಿಲ್ಲ, ಇಂದಿನ ಬ್ರಿಟನ್ನೇ ಅದಕ್ಕೆ ಸಾಕ್ಷಿ. ಆದರೂ ಯಂತ್ರ ಹೇಳಬಲ್ಲದ್ದು ‘ಎಷ್ಟರಲ್ಲಿ’ ಎಂಬುದನ್ನು ಮಾತ್ರ. ‘ಯಾತಕ್ಕೆ’ ಎಂಬುದನ್ನು ಅದು ನಮಗೇ ಬಿಟ್ಟುಬಿಡುತ್ತದೆ.

ಆ ‘ಯಾತಕ್ಕೆ’ ಎಂಬುದಕ್ಕೆ ಜೈನ ಗೃಹಸ್ಥರ ನಡೆಯನ್ನು ಹೇಳುವ ಶ್ರಾವಕಾಚಾರದಲ್ಲಿ ಅಚ್ಚರಿಯ ನಿಖರತೆಯಿದೆ. ಗೃಹಸ್ಥನಿಗೆ ಅಲ್ಲಿ ಸರ್ವತ್ಯಾಗ ಹೇಳಿಲ್ಲ, ಅದು ಮುನಿಯ ಪಾಲು. ಅವನಿಗೆ ಹೇಳಿದ್ದು ಪರಿಮಾಣ: ಪರಿಗ್ರಹಕ್ಕೆ, ಅಂದರೆ ಕೂಡಿಡುವ ಆಸ್ತಿಗೆ, ತಾನೇ ಮಿತಿ ಹಾಕಿಕೊಳ್ಳುವುದು, ಭೋಗೋಪಭೋಗಕ್ಕೆ ಅಳತೆ ಇಟ್ಟುಕೊಳ್ಳುವುದು. ಇವುಗಳ ಜೊತೆಗೆ ಅನರ್ಥದಂಡ ವ್ರತ, ಅಂದರೆ ಅನರ್ಥದ ಹಿಂಸೆಯನ್ನು ಬಿಡುವುದು. ‘ಅನರ್ಥ’ ಎಂದರೆ ಇಲ್ಲಿ ಆಪತ್ತಲ್ಲ, ಪ್ರಯೋಜನವಿಲ್ಲದ್ದು. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರ ಸುಮ್ಮನೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು ಇವನ್ನೆಲ್ಲ ಈ ದೋಷದಡಿ ಎಣಿಸುತ್ತದೆ. ನೆಲ, ನೀರು, ಬೆಂಕಿಗಳಲ್ಲೂ ಏಕೇಂದ್ರಿಯ ಜೀವವಿದೆ ಎಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆಯಿಲ್ಲದವನಿಗೂ ವಿಂಗಡಣೆ ಉಪಯೋಗಕ್ಕೆ ಬರುತ್ತದೆ. ಅನ್ನ ಬೇಯಿಸುವ ಬೆಂಕಿ ಹಿಂಸೆಯೇ, ಆದರೆ ಗೃಹಸ್ಥನಿಗೆ ಅನಿವಾರ್ಯ. ಹಗಲಲ್ಲೂ ಉರಿಯುವ ಜಾಹೀರಾತು ಫಲಕದ ಬೆಂಕಿ ಅನರ್ಥ. ಜಿಡಿಪಿಗೆ ಎರಡೂ ಒಂದೇ.

ಇದಕ್ಕೆ ಗಟ್ಟಿಯಾದ ಆಕ್ಷೇಪ ಇತಿಹಾಸದಿಂದಲೇ ಬರುತ್ತದೆ. ಪರಿಮಾಣ ವ್ರತ ಹೊತ್ತ ವರ್ತಕ ಸಮುದಾಯವೇ ಅಪಾರ ಸಂಪತ್ತು ಕೂಡಿಹಾಕಲಿಲ್ಲವೇ? ಮಿತಿಯನ್ನು ತಾನೇ ಹಾಕಿಕೊಳ್ಳಬೇಕಾದವನು ಅದನ್ನು ಎಂದೂ ಮುಟ್ಟಲಾಗದಷ್ಟು ಎತ್ತರದಲ್ಲಿ ಇಟ್ಟರೆ ವ್ರತಕ್ಕೆ ಬೆಲೆಯೇನು? ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಎಲ್ಲ ಸ್ವಯಂಸಂಯಮದ ದೌರ್ಬಲ್ಯವೂ ಇದೇ. ಆದರೆ ಅದು ತಟ್ಟುವುದು ‘ಎಷ್ಟು’ ಎಂಬುದನ್ನು ಅಳೆಯುವ ಪರಿಮಾಣ ವ್ರತಕ್ಕೆ, ‘ಯಾತಕ್ಕೆ’ ಎಂದು ಕೇಳುವ ಅನರ್ಥದಂಡ ವ್ರತಕ್ಕೆ ಅಷ್ಟಾಗಿ ಅಲ್ಲ. ಪ್ರಯೋಜನವನ್ನು ನಿರ್ಧರಿಸುವವರು ಯಾರು ಎಂಬ ಇನ್ನೊಂದು ಪ್ರಶ್ನೆಯೂ ನ್ಯಾಯವಾದದ್ದೇ. ಒಬ್ಬನ ಅನರ್ಥ ಇನ್ನೊಬ್ಬನ ಕೂಲಿ. ಜಾಹೀರಾತು ಫಲಕ ಕಟ್ಟುವವನಿಗೂ ಹೊಟ್ಟೆಯಿದೆ. ಆದರೆ ಪ್ರಶ್ನೆ ಕಷ್ಟದ್ದೆಂದು ಅದನ್ನು ಕೇಳದೇ ಬಿಡುವುದೂ ಒಂದು ನಿರ್ಧಾರವೇ. ಆಗ ತೀರ್ಮಾನ ಕಾಸು ಕೊಡಬಲ್ಲವನ ಕೈಗೆ ಹೋಗುತ್ತದೆ, 1902ರಲ್ಲಿ ಹೋದಂತೆ.

ನಾವು ಮಿತಿ ಹಾಕುವುದೇ ಇಲ್ಲ ಎಂದಲ್ಲ. ಕರ್ನಾಟಕದ ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದಾಗ ಉಚಿತ ವಿದ್ಯುತ್ತಿನ ಗೆರೆಯನ್ನು ಹೀಗೆ ಎಳೆಯಿತು: ಹಿಂದಿನ ವರ್ಷದ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ. 10, ತಿಂಗಳಿಗೆ ಒಟ್ಟು 200 ಯೂನಿಟ್ ಮೀರದಂತೆ. ಇದೂ ಒಂದು ಪರಿಮಾಣವೇ, ಆದರೆ ಇದರ ಅಳತೆಗೋಲು ಅಗತ್ಯವಲ್ಲ, ಅಭ್ಯಾಸ. 150 ಯೂನಿಟ್ ಉರಿಸುತ್ತಿದ್ದ ಮನೆಗೆ 165, ಒಂದೇ ಫ್ಯಾನಿನಲ್ಲಿ ಬೇಸಿಗೆ ಕಳೆದು 30 ಯೂನಿಟ್ ಬಳಸಿದ ಮನೆಗೆ 33. ಮುಂದೆ ಸರ್ಕಾರ ಕಡಿಮೆ ಬಳಸುವವರಿಗೆ ಶೇಕಡಾವಾರು ಬಿಟ್ಟು 10 ಯೂನಿಟ್ ಹೆಚ್ಚುವರಿ ಎಂದು ತಿದ್ದಿತು. 33 ಇದ್ದದ್ದು 40 ಆಯಿತು. ಆ ಏಳು ಯೂನಿಟ್ಟುಗಳು ರಾಜ್ಯದ ಜಿಡಿಪಿಯಲ್ಲಿ ಎಲ್ಲೂ ಕಾಣವು. ಆ ಮನೆಯಲ್ಲಿ ಅವು ರಾತ್ರಿ ಇನ್ನಷ್ಟು ಹೊತ್ತು ತಿರುಗುವ ಫ್ಯಾನು.