ಏರಿಯ ಬೆನ್ನು

ಶ್ರಾವಣದ ಹೊತ್ತಿಗೆ ಮಳೆ ಕೈಕೊಡದಿದ್ದರೆ ಪತ್ರಿಕೆಗಳಲ್ಲಿ ಒಂದೇ ಬಗೆಯ ಚಿತ್ರಗಳು ಬರತೊಡಗುತ್ತವೆ. ಕೆರೆ ಕೋಡಿ ಬಿದ್ದಿದೆ, ಏರಿಯ ಮೇಲೆ ಶಾಮಿಯಾನ ಎದ್ದಿದೆ, ಶಾಸಕರು ಮೊರದ ಬಾಗಿನವನ್ನು ನೀರಿಗೆ ಬಿಡುತ್ತಿದ್ದಾರೆ. ತುಂಬಿದ ಕೆರೆ ಕಂಡರೆ ಯಾರಿಗೆ ಸಂತೋಷವಾಗದು? ನನ್ನ ತಕರಾರು ಒಂದೇ. ಅಲ್ಲಿ ನೆರೆದ ಅಷ್ಟೂ ಜನ ನೀರಿನ ಕಡೆಗೆ ಮುಖ ಮಾಡಿ ನಿಂತಿರುತ್ತಾರೆ. ಮಣ್ಣಿನ ಏರಿಯ ಆರೋಗ್ಯ ಗೊತ್ತಾಗುವುದು ಅದರ ಬೆನ್ನಿನಲ್ಲಿ, ಗದ್ದೆ ಕಡೆಯ ಬುಡದಲ್ಲಿ. ಅಲ್ಲಿಗೆ ಇಳಿದು ನೋಡುವವರು ಕಡಿಮೆ.

ಹಳ್ಳಿಯ ಕೆರೆಯಾಗಲಿ, ದೊಡ್ಡ ಜಲಾಶಯವಾಗಲಿ, ಮಣ್ಣಿನ ಒಡ್ಡು ನೀರನ್ನು ಪೂರ್ತಿ ತಡೆಯುವುದಿಲ್ಲ. ಕೆರೆ ತುಂಬಿದಾಗ ಏರಿಯ ಒಳಗೂ ನೀರು ಏರುತ್ತದೆ, ಮಣ್ಣಿನ ಕಣಗಳ ನಡುವೆ ನಿಧಾನವಾಗಿ ಹರಿದು ಇನ್ನೊಂದು ಬದಿಯ ಬುಡದತ್ತ ಬರುತ್ತದೆ. ನಡುವೆ ಜೇಡಿಮಣ್ಣಿನ ಗೋಡೆ ಇಟ್ಟು, ಎರಡೂ ಬದಿಗೆ ಗರಸು ಹೇರಿ, ಪದರ ಪದರವಾಗಿ ದಿಮ್ಮಸು ಹೊಡೆದು ಕೂರಿಸುವುದು ಈ ಹರಿವನ್ನು ಆದಷ್ಟು ನಿಧಾನಗೊಳಿಸಲು. ಹಾಗಾಗಿ ಏರಿ ಹಿಂದೆ ನೀರು ಜಿನುಗಿದ ಮಾತ್ರಕ್ಕೆ ಗಾಬರಿ ಬೀಳಬೇಕಿಲ್ಲ. ಜಿನುಗುವ ನೀರು ಹೇಗಿದೆ ಎಂಬುದು ಮುಖ್ಯ. ತಿಳಿಯಾಗಿದ್ದರೆ ಕಣ್ಣಿಟ್ಟಿರಬೇಕು. ಕದಡಿ, ಕೆಂಪಗೆ ಬರತೊಡಗಿದರೆ ಏರಿ ಒಳಗಿನಿಂದ ಕರಗುತ್ತಿದೆ ಎಂದರ್ಥ. ಮೊದಲು ಬುಡದಲ್ಲಿ ಒಂದು ಸಣ್ಣ ರಂಧ್ರವಾಗುತ್ತದೆ, ಅದು ಹಿಂದಕ್ಕೆ, ನೀರಿನ ಕಡೆಗೆ, ಬೆಳೆಯುತ್ತ ಹೋಗುತ್ತದೆ. ಅದು ಕೆರೆಯನ್ನು ಮುಟ್ಟಿದ ಮೇಲೆ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ. ಅಮೆರಿಕದ ಐಡಾಹೊದಲ್ಲಿ ಟೀಟನ್ ಎಂಬ ಹೊಸ ಮಣ್ಣಿನ ಅಣೆಕಟ್ಟು 1976ರ ಜೂನ್ 5ರಂದು, ಮೊದಲ ಸಲ ನೀರು ತುಂಬುತ್ತಿರುವಾಗಲೇ, ಹೀಗೆ ಹೋಯಿತು. ಬೆಳಿಗ್ಗೆ ಕಂಡ ಕೆಸರು ನೀರು ಮಧ್ಯಾಹ್ನದ ಹೊತ್ತಿಗೆ ಕಟ್ಟೆಯನ್ನೇ ಒಯ್ದಿತ್ತು.

ಇಂಥ ಕಡೆ ನೋಡಿದವರ ಮೊದಲ ಬುದ್ಧಿ ರಂಧ್ರಕ್ಕೆ ಜೇಡಿಮಣ್ಣು ಮೆತ್ತಿ ಬಾಯಿ ಮುಚ್ಚುವುದು. ಅದು ಅಪಾಯದ ಬುದ್ಧಿ. ಒಳಗೆ ಒತ್ತಡ ಕಟ್ಟಿಕೊಂಡು ನೀರು ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿಕೊಳ್ಳುತ್ತದೆ. ಬುಡದಲ್ಲಿ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹಾಕಬೇಕು. ನೀರು ಹೊರಗೆ ಹೋಗಲಿ, ಮಣ್ಣು ಒಳಗೇ ಉಳಿಯಲಿ. ಮಣ್ಣಿನ ಯಂತ್ರಶಾಸ್ತ್ರಕ್ಕೆ ಬುನಾದಿ ಹಾಕಿದ ಕಾರ್ಲ್ ಟರ್ಜಾಗಿ ಈ ಸೋಸುಪದರದ ಲೆಕ್ಕವನ್ನು ಕ್ರಮಬದ್ಧಗೊಳಿಸಿದರು. ಇಂದಿನ ಒಡ್ಡುಗಳಲ್ಲಿ ಅದನ್ನು ಕಟ್ಟುವಾಗಲೇ ಸೇರಿಸುತ್ತಾರೆ. ಹಳೆಯ ಕೆರೆ ಏರಿಗಳಲ್ಲಿ ಆ ಪದರ ಇರುವುದು ಅಪರೂಪ. ಅವು ಇಷ್ಟು ಕಾಲ ಉಳಿದಿರುವುದು ಅಗಲದ ಬಲದಿಂದ ಮತ್ತು ಯಾರೋ ನೋಡಿಕೊಂಡದ್ದರಿಂದ.

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯೊಂದಿದೆ. ಅಲ್ಲಿನ 1369ರ ಸಂಸ್ಕೃತ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಹೇಳುತ್ತದೆ. ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸವಂತೆ. ದೋಷಗಳಲ್ಲಿ ಮೊದಲನೆಯದು ಏರಿಯಿಂದ ನೀರು ಒಸರುವುದು. ಚೌಳು ನೆಲ, ಕೆರೆಯ ನಡುವೆ ದಿಬ್ಬ, ನೀರು ಕಡಿಮೆಯಿದ್ದು ಉಣಿಸಬೇಕಾದ ಭೂಮಿ ಹೆಚ್ಚಿರುವುದು, ನೀರು ಹೆಚ್ಚಿದ್ದು ಭೂಮಿ ಕಡಿಮೆಯಿರುವುದು ಇವೂ ಆ ಪಟ್ಟಿಯಲ್ಲಿವೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದನ್ನೂ ದೋಷವೆಂದೇ ಎಣಿಸಿದ್ದಾರೆ. ನಮ್ಮ ನದಿಜಗಳಗಳನ್ನು ಕಂಡವರಿಗೆ ಆ ಕವಿಯ ಬುದ್ಧಿವಂತಿಕೆ ವಿವರಿಸಬೇಕಿಲ್ಲ.

ಏರಿಯ ಶತ್ರುಗಳಲ್ಲಿ ಬಹಳ ಸಣ್ಣವೂ ಇವೆ. ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆದು ಇಪ್ಪತ್ತರಷ್ಟು ಜನ ಸತ್ತರು. ಏಡಿಗಳು ಕೊರೆದದ್ದರಿಂದ ಕಟ್ಟೆ ಒಡೆಯಿತು ಎಂದು ಆಗಿನ ಸಚಿವರೊಬ್ಬರು ಹೇಳಿದರು. ಜನ ರೊಚ್ಚಿಗೆದ್ದರು. ಏಡಿಗಳನ್ನು ಪೊಲೀಸ್ ಠಾಣೆಗೆ ಒಯ್ದು, ಬಂಧಿಸಿ ಎಂದು ಅಣಕಿಸಿದವರೂ ಇದ್ದರು. ಆ ಸಿಟ್ಟು ನ್ಯಾಯವಾದದ್ದೇ, ಸೋರಿಕೆಯ ಬಗ್ಗೆ ಊರಿನವರು ಮೊದಲೇ ದೂರಿದ್ದರು. ಆದರೆ ಏಡಿ, ಹೆಗ್ಗಣ, ಗೆದ್ದಲು ಏರಿಯಲ್ಲಿ ಬಿಲ ಮಾಡುವುದು ಸುಳ್ಳಲ್ಲ. ಅವು ಬಿಲ ಮಾಡುತ್ತವೆ ಎಂಬುದು ಗೊತ್ತಿರುವ ಸಂಗತಿಯಾದ್ದರಿಂದಲೇ ಏರಿಗೆ ಕಾವಲು ಬೇಕು. ಸಚಿವರು ಹೇಳಿದ್ದು ಕಾರಣವಾದೀತು, ನೆಪವಾಗದು.

ನಮ್ಮ ಬಯಲುಸೀಮೆಯ ಏರಿಗಳ ಮೇಲೆ ಏಡಿಗಿಂತ ಹೆಚ್ಚು ಕಾಣುವುದು ಬಳ್ಳಾರಿ ಜಾಲಿ. ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದಲ್ಲವೆ ಎಂದು ಕೇಳುವವರಿದ್ದಾರೆ. ಗರಿಕೆಯ ಬೇರು ಹಿಡಿದುಕೊಳ್ಳುತ್ತದೆ, ನಿಜ. ಮರದ ಬೇರು ಆಳಕ್ಕಿಳಿದು, ಮರ ಸತ್ತಮೇಲೆ ಕೊಳೆತು, ನೀರಿಗೆ ಸಿದ್ಧ ಕೊಳವೆಯಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಜಾಲಿಯ ಮುಳ್ಳುಮೆಳೆ ಬೆಳೆದ ಮೇಲೆ ಏರಿಯ ಬೆನ್ನು ಕಾಣುವುದೇ ಇಲ್ಲ. ಬಿಲವೂ ಕಾಣದು, ಬಿರುಕೂ ಕಾಣದು. ತೂಬಿನ ಸುತ್ತಲಂತೂ ವಿಶೇಷ ಎಚ್ಚರ ಬೇಕು, ಕಲ್ಲಿಗೂ ಮಣ್ಣಿಗೂ ಎಂದೂ ಪೂರ್ತಿ ಹೊಂದಿಕೆಯಾಗುವುದಿಲ್ಲ. ಪುಣೆಯನ್ನು ಮುಳುಗಿಸಿದ 1961ರ ಪಾನ್‌ಶೆತ್ ದುರಂತದಲ್ಲೂ ಮಣ್ಣು ಕುಸಿಯತೊಡಗಿದ್ದು ನೀರು ಬಿಡುವ ಕಾಲುವೆಯ ಮೇಲೆಯೇ.

ಹಿಂದೆ ಈ ಕಾವಲು ನೀರುಗಂಟಿಯದಾಗಿತ್ತು. ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದವನು ಅವನೇ, ಮಳೆಗಾಲದ ರಾತ್ರಿ ಏರಿ ತಿರುಗುತ್ತಿದ್ದವನೂ ಅವನೇ. ಅವನಿಗೆ ಇನಾಮು ಭೂಮಿ ಇರುತ್ತಿತ್ತು. ಆ ವ್ಯವಸ್ಥೆಯನ್ನು ಹೊಗಳಿ ಹಾಡಲು ನನಗೆ ಮನಸ್ಸಿಲ್ಲ. ಹುಟ್ಟಿನಿಂದ ಅಂಟಿದ ಚಾಕರಿ ಅದು, ಬಹಳ ಕಡೆ ದಲಿತರ ಮೇಲೆ ಹೊರಿಸಿದ್ದು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ಅದನ್ನು ತೆಗೆದದ್ದು ಸರಿಯೇ. ಆದರೆ ಚಾಕರಿ ಹೋದಾಗ ಕೆಲಸವೂ ಹೋಯಿತು. ಅದೇ ಕೆಲಸಕ್ಕೆ ಸಂಬಳ ಕೊಟ್ಟು ಯಾರನ್ನಾದರೂ ಇಡಬೇಕು ಎಂದು ಹೆಚ್ಚಿನ ಊರುಗಳಲ್ಲಿ ಯಾರಿಗೂ ಅನ್ನಿಸಲಿಲ್ಲ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತಪಾಸಣೆ ಆಗಲೇಬೇಕೆನ್ನುತ್ತದೆ. ಆದರೆ ಅದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, ಕೆಲವು ಷರತ್ತುಗಳ ಮೇಲೆ 10 ಮೀಟರಿನಿಂದಾಚೆಯವುಗಳಿಗೆ. ನಮ್ಮ ಊರಕೆರೆಗಳಲ್ಲಿ ಹೆಚ್ಚಿನವು ಅಷ್ಟು ಎತ್ತರವಿಲ್ಲ. ಅವುಗಳ ಲೆಕ್ಕವೇ ಬೇರೆ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆಯಿದ್ದರೆ ಪಂಚಾಯತಿ. ಮೀನಿನ ಹರಾಜಿಗೆ ಬರುವ ಅಧಿಕಾರಿ ಬೇರೆ, ಏರಿಯ ಮೇಲಿನ ರಸ್ತೆಗೆ ಡಾಂಬರು ಹಾಕಿಸುವವರು ಬೇರೆ.

ಹಾಗಾದರೆ ಸೋರಿಕೆ ಮೊದಲು ಕಾಣುವುದು ಯಾರಿಗೆ? ಏರಿ ಹಿಂದಿನ ಮೊದಲ ಗದ್ದೆಯವನಿಗೆ. ಅವನು ದೂರು ಕೊಡುವುದಿಲ್ಲ. ಬೇಸಿಗೆಯಲ್ಲೂ ಅವನ ಗದ್ದೆಯ ಮೂಲೆ ಜೌಗಾಗಿರುತ್ತದೆ, ತೂಬು ತೆಗೆಯದೆಯೇ ಅವನ ಅಡಿಕೆಗೆ ನೀರು ಸಿಗುತ್ತದೆ. ಏರಿ ಭದ್ರವಾದರೆ ಮೊದಲು ನಷ್ಟವಾಗುವುದು ಅವನಿಗೇ, ಒಡೆದರೆ ಮೊದಲು ಕೊಚ್ಚಿಹೋಗುವುದೂ ಅವನ ಗದ್ದೆಯೇ.