ಕಾಪಾಡಬಾರದ ಗುಟ್ಟು

ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂದು ಹಿರಿಯರು ನಮಗೆ ಕಲಿಸಿದರು; ನಾವೂ ನಮ್ಮ ಮಕ್ಕಳಿಗೆ ಅದನ್ನೇ ಕಲಿಸುತ್ತೇವೆ. ಆದರೆ ಕೊಟ್ಟ ಮಾತನ್ನು ಮುರಿಯುವದೇ ಕರ್ತವ್ಯವಾಗುವ ಸಮಯ ಉಂಟೋ ಎಂಬ ಪ್ರಶ್ನೆಯು ಕೆಲವು ವರುಷಗಳಿಂದ ನಮ್ಮನ್ನು ಬಾಧಿಸುತ್ತಿರುವದರಿಂದ ಈ ತಿಂಗಳು ಅದನ್ನು ಕುರಿತು ಬರೆಯುತ್ತೇವೆ.

ನಮಗೆ ಪರಿಚಯವಿದ್ದ ಒಬ್ಬ ರೈತನು ಒಂದು ಸಾಯಂಕಾಲ ನಮ್ಮ ಜಗಲಿಯ ಮೇಲೆ ಬಂದು ಕೂತುಕೊಂಡು, ಬಹಳ ಹೊತ್ತು ಮಳೆಬೆಳೆಗಳ ಮಾತಾಡಿ, ಎದ್ದು ಹೋಗುವಾಗ, "ಅಯ್ಯನವರೇ, ಇನ್ನು ಬದುಕಿರಲು ಮನಸ್ಸಿಲ್ಲ, ಇದನ್ನು ಯಾರಿಗೂ ಹೇಳಬೇಡಿರಿ" ಅಂದನು. ನಾವು ಅವನ ಕೈಹಿಡಿದು ಪ್ರಾರ್ಥಿಸಿ, ಧೈರ್ಯ ಹೇಳಿ ಕಳುಹಿಸಿದೆವು. ಮಾತು ಕೊಟ್ಟಿದ್ದೆವಾದಕಾರಣ ಯಾರಿಗೂ ಹೇಳಲಿಲ್ಲ. ಮೂರನೆಯ ವಾರದಲ್ಲಿ ಅವನ ಸಮಾಧಿಯ ಬಳಿಯಲ್ಲಿ ನಿಂತೆವು. ಇಂಥವನಿಗೆ ಸಭೆಯ ಪ್ರಾರ್ಥನೆ ಸಲ್ಲುವದೋ ಎಂದು ಅಲ್ಲಿ ಕೆಲವರು ಪಿಸುಗುಟ್ಟುತ್ತಿದ್ದರು. ಅವನ ತಾಯಿಗೆ ಅದು ಕೇಳಿಸಿತು. ಸತ್ತವನ ವಿಷಯವಾಗಿ ತೀರ್ಪು ಹೇಳಲು ನಮಗೆ ಅಧಿಕಾರ ಕೊಡಲ್ಪಟ್ಟಿಲ್ಲ. ಕಿವಿಗೆ ಬಿದ್ದ ಮಾತನ್ನು ಏನು ಮಾಡಿದೆವೆಂಬದಕ್ಕೆ ಮಾತ್ರ ನಾವು ಉತ್ತರ ಕೊಡತಕ್ಕವರು.

ಆ ದಿನ ನಾವು ಗ್ರಹಿಸದೆ ಹೋದ ಸಂಗತಿಯೊಂದುಂಟು. ತನ್ನ ಯೋಚನೆಯನ್ನು ಪೂರ್ಣವಾಗಿ ಮುಚ್ಚಿಡಬೇಕೆಂದಿದ್ದವನು ಅದನ್ನು ಹೇಳುವದಕ್ಕೆ ಒಂದು ಹರದಾರಿ ನಡೆದು ಬರುವದಿಲ್ಲ. ಅವನಲ್ಲಿ ಎರಡು ಮನಸ್ಸುಗಳಿದ್ದವು: ಒಂದು ಬದುಕುವ ಆಶೆಯಿಂದ ನಮ್ಮ ಜಗಲಿಗೆ ಬಂತು, ಇನ್ನೊಂದು ಹೇಳಬೇಡಿರಿ ಅಂದಿತು. ನಾವು ಎರಡನೆಯದಕ್ಕೆ ಮಾತ್ರ ವಿಧೇಯರಾದೆವು. ಇಂಥ ಸಂಕಲ್ಪವು ಅನೇಕರಲ್ಲಿ ನೆರೆಯ ನೀರಿನಂತೆ ಏರಿ ಇಳಿಯುವದೆಂದೂ, ಸಾಯಲು ಪ್ರಯತ್ನಿಸಿ ಬದುಕಿ ಉಳಿದವರಲ್ಲಿ ಹೆಚ್ಚಿನವರು ಮುಂದೆ ಆ ರೀತಿಯಾಗಿ ಸಾಯುವದಿಲ್ಲವೆಂದೂ ವೈದ್ಯರು ಹೇಳುತ್ತಾರೆ. ನೆರೆ ಇಳಿಯುವ ವರೆಗೆ ಹಿಡಿದುಕೊಳ್ಳುವ ಕೈ ಬೇಕು.

ಗುಟ್ಟು ಹೊರಟರೆ ಅವನ ಮಾನ ಹೋಗುವದಲ್ಲವೇ ಎಂದು ಕೇಳುವಿರಿ. ಬೀದಿಯಲ್ಲಿ ಸಾರಬೇಕೆಂದು ನಾವು ಹೇಳುವದಿಲ್ಲ. "ತಮ್ಮಾ, ಈ ಮಾತನ್ನು ನಾನೊಬ್ಬನೇ ಹೊರಲಾರೆನು, ನಿನ್ನ ಅಣ್ಣನಿಗೆ ಹೇಳೋಣ, ನಾನೂ ಜೊತೆಗೆ ಬರುವೆನು" ಎಂದು ಅವನಿಗೇ ಮೊದಲು ತಿಳಿಸಿ, ಹೇಳತಕ್ಕವರಿಗೆ ಮಾತ್ರ ಹೇಳಬೇಕು. ಕೆಲವು ಸಾರಿ ಮನೆಯವರೇ ದುಃಖಕ್ಕೆ ಕಾರಣರಾಗಿರುವದುಂಟು. ಹೊಡೆತ ತಿನ್ನುವ ಸೊಸೆಯ ಗುಟ್ಟನ್ನು ಅತ್ತೆಯ ಕೈಗೆ ಕೊಡುವದು ವಿವೇಕವಲ್ಲ. ಅಲ್ಲಿ ತವರಿನವರನ್ನಾಗಲಿ ಆಶಾ ಕಾರ್ಯಕರ್ತೆಯನ್ನಾಗಲಿ ಹುಡುಕಬೇಕು. ಅವನು ನಮ್ಮ ಮೇಲೆ ಸಿಟ್ಟಾದಾನು, ಆಗಲಿ. ಬದುಕಿರುವವನ ಸಿಟ್ಟನ್ನು ಶಾಂತಪಡಿಸಬಹುದು.

ಫಿಲಿಪ್ಪಿಯ ಸೆರೆಮನೆಯ ಯಜಮಾನನ ಕಥೆಯನ್ನು ನಾವೆಲ್ಲರು ಬಲ್ಲೆವು. ಭೂಕಂಪವಾಗಿ ಬಾಗಲುಗಳು ತೆರೆದಿರುವದನ್ನು ಕಂಡು, ಸೆರೆಯವರು ಓಡಿಹೋದರೆಂದು ನೆನಸಿ ಅವನು ಸಾಯಲಿಕ್ಕೆ ಸಿದ್ಧನಾದಾಗ ಪೌಲನು ಏನು ಮಾಡಿದನು? ಅವನ ಪಾಪವನ್ನು ಎತ್ತಿ ಆಡಲಿಲ್ಲ, ರಕ್ಷಣೆಯ ಉಪದೇಶವನ್ನು ಸಹ ಮೊದಲು ಹೇಳಲಿಲ್ಲ. ಕತ್ತಲೆಯಲ್ಲಿ ದೊಡ್ಡ ಧ್ವನಿಯಿಂದ ಕೂಗಿ ತಡೆದು, ತಾವೆಲ್ಲರೂ ಅಲ್ಲೇ ಇದ್ದೇವೆಂದು ತಿಳಿಸಿದನು. ದೀಪ ಬಂತು, ಉಪದೇಶವು ಆಮೇಲೆ ಬಂತು. ನಾವಾದರೋ ಅನೇಕ ಸಾರಿ ಈ ಕ್ರಮವನ್ನು ತಲೆಕೆಳಗು ಮಾಡುತ್ತೇವೆ. "ನಿನಗೆ ವಿಶ್ವಾಸ ಸಾಲದು" ಎಂಬ ಮಾತು ಕುಸಿದವನ ಮೇಲೆ ಇನ್ನೊಂದು ಕಲ್ಲಾಗುವದು.

ಇನ್ನು ಕೆಲವರು, ಸಾಯುವ ಯೋಚನೆ ಉಂಟೋ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುವದೆಂದು ಹೆದರುತ್ತಾರೆ. ವೈದ್ಯರು ಇದನ್ನು ಪರೀಕ್ಷಿಸಿ, ಹಾಗಾಗುವದಿಲ್ಲವೆಂದು ಕಂಡಿದ್ದಾರೆ. ಮೆಲ್ಲಗೆ, ನೇರವಾಗಿ ಕೇಳಬಹುದು. ಕೇಳಿದ ಮೇಲೆ ಸುಮ್ಮನೆ ಕೂತು ಆಲಿಸುವದೇ ಕಷ್ಟ. ಚಾಡ್ ವಾರಾ ಎಂಬ ಇಂಗ್ಲಿಷ್ ಸಭಾಪಾಲಕರು 1953ರಲ್ಲಿ ಲಂಡನ್ ಪಟ್ಟಣದ ತಮ್ಮ ದೇವಾಲಯದಲ್ಲಿ ಇಂಥವರಿಗೋಸ್ಕರ ಒಂದು ಟೆಲಿಫೋನನ್ನು ಇಟ್ಟರು. ಬಂದವರು ಅಯ್ಯನವರಿಗಾಗಿ ಕಾದಿರುವಾಗ ಚಹಾ ಕೊಟ್ಟು ಮಾತಾಡಿಸಲು ಸಾಮಾನ್ಯ ಜನರು ಇದ್ದರು. ಅನೇಕರು ಅವರ ಮುಂದೆಯೇ ಮನಸ್ಸು ಬಿಚ್ಚಿ, ಅಯ್ಯನವರನ್ನು ಕಾಣದೆಯೇ ಹಗುರಾಗಿ ಹೋದರಂತೆ. ಮುಂದಿನ ವರುಷವೇ ಆ ಕೆಲಸವು ಅಂಥ ಸೇವಕರ ಕೈಗೆ ಬಂತು. ಚೆನ್ನೈಯಲ್ಲಿ ಲಕ್ಷ್ಮೀ ವಿಜಯಕುಮಾರ್ ಎಂಬ ವೈದ್ಯೆಯು 1986ರಲ್ಲಿ ಸ್ಥಾಪಿಸಿದ ಸ್ನೇಹಾ ಎಂಬ ಸಂಸ್ಥೆಯೂ ಇಂಥದೇ. ಹೊಲಕ್ಕೆ ಸಿಂಪಡಿಸುವ ವಿಷದ ಔಷಧಿಯನ್ನು ಮನೆಯಲ್ಲಿಡದೆ ಊರಿಗೊಂದು ಸ್ಥಳದಲ್ಲಿ ಬೀಗದ ಪೆಟ್ಟಿಗೆಗಳಲ್ಲಿ ಇಡುವ ಏರ್ಪಾಡನ್ನು ಆಕೆಯೂ ಸಂಗಡಿಗರೂ ತಮಿಳುನಾಡಿನ ಎರಡು ಹಳ್ಳಿಗಳಲ್ಲಿ ಮಾಡಿ ನೋಡಿದ್ದಾರೆ. ನಮ್ಮ ರೈತ ಸಹೋದರರು ಇದನ್ನು ಯೋಚಿಸತಕ್ಕದ್ದು.

ಆಲಿಸುವದು ಸಾಕಾಗದೆ ವೈದ್ಯರು ಬೇಕಾಗುವ ಸಮಯವೂ ಉಂಟು. ಮಾತ್ರೆ ನುಂಗುವದು ಅವಿಶ್ವಾಸವೆಂದು ಹೇಳಿ ರೋಗಿಯ ಕೈಯಿಂದ ಔಷಧವನ್ನು ಬಿಡಿಸುವವರು ನಮ್ಮಲ್ಲಿದ್ದಾರೆ. ಅವರು ಜ್ವರ ಬಂದರೆ ತಾವು ಮಾತ್ರ ಆಸ್ಪತ್ರೆಗೆ ಹೋಗುವದನ್ನು ನಾವು ಕಂಡಿದ್ದೇವೆ. ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗಳ ಸಮೀಪಕ್ಕೆ ತರಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿ ತೋರಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆದಕಾರಣ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಜಿಲ್ಲಾಸ್ಪತ್ರೆಯಲ್ಲಿಯೂ ವಿಚಾರಿಸಬಹುದು. 2022ನೆಯ ಅಕ್ಟೋಬರ 10ರಿಂದ ಸರಕಾರದವರು ಟೆಲಿ-ಮಾನಸ್ ಎಂಬ ದೂರವಾಣಿಯನ್ನು ನಡಿಸುತ್ತಾರೆ. 14416 ಎಂಬ ಸಂಖ್ಯೆಗೆ ಹಗಲಿರುಳು ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು. ಪ್ರಾಣಕ್ಕೆ ಅಪಾಯವಾಗಿದ್ದರೆ ತಡಮಾಡದೆ 108ಕ್ಕೆ ಕರೆಮಾಡಿ, ರೋಗಿಯನ್ನು ಒಂಟಿಯಾಗಿ ಬಿಡಬಾರದು. ಪೋಲೀಸಿನ ಭಯದಿಂದ ಮುಚ್ಚಿಡುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯದ ಕಾನೂನು ಅಂಥವನನ್ನು ತೀವ್ರ ಸಂಕಟದಲ್ಲಿದ್ದವನೆಂದು ಎಣಿಸುತ್ತದೆ. ಆತ್ಮಹತ್ಯದ ಪ್ರಯತ್ನವನ್ನು ಅಪರಾಧವೆಂದಿದ್ದ ಹಳೇ 309ನೆಯ ಕಲಮು 2024ನೆಯ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಇಲ್ಲ. ಸರಕಾರಿ ನೌಕರನನ್ನು ಬಲವಂತಪಡಿಸಲು ಹಾಗೆ ಮಾಡುವದು ಮಾತ್ರ ಅಪರಾಧವಾಗಿ ಉಳಿದದೆ.

ಆ ರೈತನ ತಾಯಿಯು ಈಗಲೂ ದೇವಾಲಯದಲ್ಲಿ ಹಿಂದಿನ ಬೆಂಚಿನ ಮೇಲೆ ಕೂತುಕೊಳ್ಳುತ್ತಾಳೆ. ಬಹುಕಾಲ ಯಾರೂ ಆಕೆಯ ಮಗನ ಹೆಸರನ್ನು ಎತ್ತಲಿಲ್ಲ. ನಮ್ಮ ಸ್ತ್ರೀಯರಲ್ಲಿ ಇಬ್ಬರು ಕಳೆದ ಸುಗ್ಗಿಯಲ್ಲಿ ಆಕೆಯ ಮನೆಗೆ ಹೋಗಿ ಅವನ ಹೆಸರು ಹೇಳಿ ಮಾತಾಡಿಸಿದರು. ಆಕೆಯು ಒಲೆ ಹೊತ್ತಿಸುವದನ್ನು ಮರೆತು ಸಾಯಂಕಾಲದ ವರೆಗೂ ಅವನ ಚಿಕ್ಕಂದಿನ ಸಂಗತಿಗಳನ್ನು ಹೇಳಿದಳು. ಸಂಗೀತಗಳ ಸಂಖ್ಯೆ ಬರೆಯುವ ಹಲಿಗೆಯ ಕೆಳಗೆ 14416 ಎಂದು ಸೀಮೆಸುಣ್ಣದಿಂದ ಬರೆದಿಡಬೇಕೆಂದು ನಾವು ಹಿರಿಯರ ಕೂಟದಲ್ಲಿ ಕೇಳಿದ್ದೇವೆ. ದೇವಾಲಯದೊಳಗೆ ಅದು ಶೋಭಿಸದೆಂದು ಇಬ್ಬರು ಅಂದರು. ಬರುವ ಕೂಟದಲ್ಲಿ ಇನ್ನೊಮ್ಮೆ ಕೇಳುತ್ತೇವೆ.