ಕಾವಲುಗಾರನ ಕೋಣೆಗೊಂದು ಝೋನು

ಜೇಜುರಿ ಎಂದೊಡನೆ ನೆನಪಾಗುವುದು ಖಂಡೋಬನ ಬೆಟ್ಟ, ಮೆಟ್ಟಿಲ ಮೇಲೆಲ್ಲ ಚೆಲ್ಲಿದ ಅರಿಶಿನದ ಹುಡಿ. ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರ. ನಮ್ಮ ಮೈಲಾರಲಿಂಗನೇ ಅಲ್ಲಿಯವರ ಖಂಡೋಬ. ಭಕ್ತರು ಕೂಗುವ 'ಯೇಳಕೋಟ'ಕ್ಕೆ ಕಿವಿಗೊಟ್ಟರೆ ಮೈಲಾರದ 'ಏಳು ಕೋಟಿ'ಯೇ ಕೇಳಿಸುತ್ತದೆ. ಅದೇ ಊರಿನಲ್ಲಿ ಎಂಐಡಿಸಿಯ ಕೈಗಾರಿಕಾ ಪ್ರದೇಶವೂ ಇದೆ. ನಾನು ಅಲ್ಲಿಗೆ ಹೋದದ್ದು ದೇವರನ್ನು ನೋಡಲಿಕ್ಕಲ್ಲ, ಒಂದು ಸಣ್ಣ ಕಾರ್ಖಾನೆಗೆ ಕಳ್ಳರ ಅಲಾರಂ ಕೂರಿಸಲಿಕ್ಕೆ.

ಈ ಕೆಲಸ ಹೊರಗಿನವರು ತಿಳಿದಷ್ಟು ಗಹನವೇನಲ್ಲ. ಒಂದು ಬಾಗಿಲಿಗೆ ಅಥವಾ ಕಿಟಕಿಗೆ ಮ್ಯಾಗ್ನೆಟ್ ಸ್ವಿಚ್ ಹಾಕಿ ತಂತಿ ಎಳೆದರೆ ಅದೊಂದು ಝೋನ್. ತಂತಿಯ ಕೊನೆಯಲ್ಲಿ ಒಂದು ಪುಟ್ಟ ರೆಸಿಸ್ಟರ್ ಇರುತ್ತದೆ. ತಂತಿಯನ್ನು ಕತ್ತರಿಸಿದರೂ, ಎರಡು ಎಳೆ ಸೇರಿಸಿ ಮೋಸ ಮಾಡಿದರೂ ಪ್ಯಾನೆಲ್ಲಿಗೆ ಗೊತ್ತಾಗುತ್ತದೆ. ಹಲವು ಝೋನುಗಳನ್ನು ಒಟ್ಟು ಮಾಡಿದರೆ ಒಂದು ಪಾರ್ಟಿಶನ್. ಆಫೀಸು ಒಂದು, ಗೋದಾಮು ಒಂದು. ಗೋದಾಮಿನವನ ಕೋಡು ಆಫೀಸಿನಲ್ಲಿ ನಡೆಯದು. ಇಬ್ಬರೂ ಓಡಾಡುವ ಪಡಸಾಲೆಯನ್ನು ಸಾಮಾನ್ಯ ಪಾರ್ಟಿಶನ್ ಮಾಡುತ್ತೇವೆ. ಕೊನೆಯವನು ತನ್ನ ಭಾಗಕ್ಕೆ ಅಲಾರಂ ಹಾಕಿ ಹೊರಟ ಮೇಲೆ ಮಾತ್ರ ಅದಕ್ಕೂ ಕಾವಲು ಬೀಳುತ್ತದೆ. ಮೊದಲು ಬಂದವನು ತೆಗೆದರೆ ಅದೂ ತೆರೆಯುತ್ತದೆ. ಯಾರು ಎಷ್ಟು ಗಂಟೆಗೆ ತೆಗೆದರು, ಹಾಕಿದರು ಎಂಬುದೆಲ್ಲ ಒಳಗೆ ದಾಖಲಾಗುತ್ತಿರುತ್ತದೆ. ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಯಾವ ಕಪಾಟಿನ ಬೀಗದ ಕೈ ಯಾರ ಸೆರಗಿನಲ್ಲಿ ಎಂದು ತೀರ್ಮಾನವಾಗುತ್ತಿತ್ತಲ್ಲ, ಹೆಚ್ಚು ಕಡಿಮೆ ಅದೇ.

ಎಲ್ಲ ಮುಗಿಯುವ ಹೊತ್ತಿಗೆ ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು. ಗೇಟಿನ ಹತ್ತಿರದ ಕಾವಲುಗಾರನ ಕೋಣೆಯ ಬಾಗಿಲಿಗೂ ಒಂದು ಝೋನ್ ಬೇಕಂತೆ. ರಾತ್ರಿ ಅವನು ಎಷ್ಟು ಸಲ ಹೊರಗೆ ಬರುತ್ತಾನೆ, ಎಷ್ಟು ಹೊತ್ತು ಒಳಗೇ ಇರುತ್ತಾನೆ ತಿಳಿಯಬೇಕು. ಸೈರನ್ ಬೇಡ, ದಾಖಲೆ ಸಾಕು. "ಅವನಿಗೆ ಮಾತ್ರ ಹೇಳಬೇಡಿ" ಎಂದರು. ಒಂದು ಝೋನ್ ಖಾಲಿ ಇತ್ತು. ನಾನು ತಲೆಯಾಡಿಸಿದೆ.

ತಂತಿ ಎಳೆಯುತ್ತಿದ್ದಾಗ ಕಾವಲುಗಾರ ಬಂದು ನಿಂತ. ನನ್ನ ಫೋನಿನ ಮಾತು ಅವನ ಕಿವಿಗೆ ಬಿದ್ದಿತ್ತು.

"ಕನ್ನಡದವರೇನ್ರಿ ಸಾಹೇಬ್ರ? ನಮ್ದು ಅಫಜಲಪುರ ಕಡೀರಿ. ಇದೇನ್ ವಾಯರ್ರಿ, ನನ್ನ ಖೋಲಿಗೆ?"

"ಬೆಂಕಿಗಿಂಕಿ ಬಿದ್ದರೆ ಗೊತ್ತಾಗಲಿ ಅಂತ" ಅಂದೆ.

"ಚಲೋ ಆತ್ ಬಿಡ್ರಿ" ಎಂದು ಅವನು ನನಗೆ ಚಹಾ ತಂದುಕೊಟ್ಟ. ಮರಾಠಿಯಲ್ಲೋ ಹಿಂದಿಯಲ್ಲೋ ಇದೇ ಸುಳ್ಳು ಹೇಳಿದ್ದರೆ ನನಗೆ ಇಷ್ಟು ಚುಚ್ಚುತ್ತಿತ್ತೋ ಇಲ್ಲವೋ. ಪರಸ್ಥಳದಲ್ಲಿ ಕನ್ನಡ ಕೇಳಿದೊಡನೆ ನಮ್ಮೊಳಗಿನ ಒಂದು ಬಾಗಿಲು ತಾನಾಗಿ ತೆರೆಯುತ್ತದೆ. ಅವನದು ತೆರೆದಿತ್ತು. ನಾನು ಅಲ್ಲೂ ಒಂದು ಸ್ವಿಚ್ ಕೂರಿಸಿದ ಹಾಗಾಯಿತು.

ಸಂಜೆ ಬೆಟ್ಟ ಹತ್ತಿದೆ. ಅರ್ಧ ದಾರಿಯಲ್ಲಿ ಬಾಣಾಯಿಯ ಗುಡಿ ಸಿಗುತ್ತದೆ. ಅವಳು ಕುರಿ ಕಾಯುವ ಧನಗರ ಕುಲದವಳು, ಖಂಡೋಬನ ಎರಡನೆಯ ಹೆಂಡತಿ. ಮೊದಲನೆಯವಳಾದ ಮ್ಹಾಳಸಾ ಮೇಲೆ ಗಂಡನ ಜೊತೆಗಿದ್ದಾಳೆ. ಸವತಿಯರ ಜಗಳ ತಾಳಲಾರದೆ ದೇವರು ಹೀಗೆ ಭಾಗ ಮಾಡಿದ ಎಂದು ಕಥೆ. ದೇವರ ಸಂಸಾರದಲ್ಲೂ ಪಾರ್ಟಿಶನ್ ಇದೆಯಲ್ಲ ಎಂದು ನಗು ಬಂತು. ಆದರೆ ಆ ಭಾಗ ಗುಟ್ಟಿನದಲ್ಲ. ಯಾರ ಜಾಗ ಎಲ್ಲಿ ಎಂಬುದು ಬೆಟ್ಟ ಹತ್ತುವ ಪ್ರತಿಯೊಬ್ಬನಿಗೂ ಗೊತ್ತು. ಅದು ನ್ಯಾಯವೋ ಅನ್ಯಾಯವೋ, ಬಾಣಾಯಿ ಕಣ್ಣಾರೆ ನೋಡಿ ಜಗಳವನ್ನಾದರೂ ಆಡಬಹುದು.

ಮೆಟ್ಟಿಲ ಮೇಲೆ ಕುಳಿತು ಯೋಚಿಸಿದೆ. ಮಾಲೀಕರದು ತಪ್ಪೇ? ಸಂಬಳ ಕೊಡುವವನಿಗೆ ಕೆಲಸ ಆಗುತ್ತಿದೆಯೇ ಎಂದು ತಿಳಿಯುವ ಹಕ್ಕಿದೆ. ಎಲ್ಲರನ್ನೂ ಎಲ್ಲ ಕಡೆಗೂ ಬಿಡುವುದೇ ನಂಬಿಕೆ ಎಂದೂ ನಾನು ಒಪ್ಪುವುದಿಲ್ಲ. ಗೋದಾಮಿನ ಕೋಡು ಇಲ್ಲದಿದ್ದರೆ ಅಲ್ಲಿ ಸಾಮಾನು ಕಳೆದ ದಿನ ಬಡವನ ಮೇಲೆ ಬೆರಳು ತೋರಿಸುವುದು ಅಷ್ಟು ಸುಲಭವಲ್ಲ. ಗೋಡೆ ಕೆಲವೊಮ್ಮೆ ಆಚೆಗಿರುವವನನ್ನೂ ಕಾಯುತ್ತದೆ. ಹಾಗಾದರೆ ನನ್ನನ್ನು ಕೊರೆಯುತ್ತಿದ್ದುದು ಯಾವುದು? ಇಬ್ಬರಿಗೂ ತಿಳಿದಿರುವ ದಾಖಲೆ ಸಾಕ್ಷಿ. ಒಬ್ಬನಿಗೆ ಮಾತ್ರ ತಿಳಿದಿರುವ ದಾಖಲೆ ಬಲೆ. ತಂತಿ ಅದೇ, ಸ್ವಿಚ್ಚೂ ಅದೇ. ಹೇಳಿದೆವೋ ಇಲ್ಲವೋ ಎಂಬುದರಲ್ಲಿ ಅಷ್ಟು ವ್ಯತ್ಯಾಸ.

ಮರುದಿನ ಮಾಲೀಕರಿಗೆ ಹೇಳಿದೆ: ಒಂದೋ ಅವನಿಗೆ ತಿಳಿಸಿ, ಇಲ್ಲವೇ ಆ ಝೋನ್ ತೆಗೆಯುತ್ತೇನೆ. ಅವರು ನಕ್ಕರು. "ಹೇಳಿದ ಮೇಲೆ ಅದರಿಂದ ಏನು ಉಪಯೋಗ?"

"ಹೇಳಬಾರದ್ದು ಕಳ್ಳನಿಗೆ. ಇವನು ನಿಮ್ಮ ಕಾವಲುಗಾರ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವೇ ಹೇಳಿ ಹಾಗಾದರೆ" ಎಂದರು. ಹೇಳುವುದು ನನಗೆ ಸುಲಭವಾಗಲಿಲ್ಲ. ನಿನ್ನೆ ಹೇಳಿದ್ದು ಸುಳ್ಳು ಎಂಬಲ್ಲಿಂದಲೇ ಶುರು ಮಾಡಬೇಕಾಯಿತು. ಅವನು ಬೈಯಲಿಲ್ಲ. ತಂತಿಯನ್ನು ಒಮ್ಮೆ ನೋಡಿ ಅಂದ:

"ನಾ ಕಾಯಾಂವ. ನನ್ನ ಕಾಯಾಕ ಇದು. ಇರ್ಲಿ ಬಿಡ್ರಿ. ಆದ್ರ ನಂಗೂ ಒಂದ್ ನಂಬರ್ ಕೊಡ್ರಿ. ರಾತ್ರಿ ಸುತ್ತ್ ಹಾಕಿದ್ದೂ ಅದ್ರಾಗ ಬರ್ಲಿ. ಮುಂಜಾನಿ ಎದ್ದು ಯಾರೂ ಮಲಗಿದ್ದಿ ಅನಬಾರ್ದು."

ಇದು ನನಗೂ ಮಾಲೀಕರಿಗೂ ಹೊಳೆದಿರಲಿಲ್ಲ. ಹಿಂದಿನ ಗೋಡೆಯ ಬಳಿ ಒಂದು ಕೀಪ್ಯಾಡ್ ಕೂರಿಸಿದೆ, ಅವನದೇ ನಾಲ್ಕಂಕಿಯ ಕೋಡು. ಅದರಿಂದ ಯಾವ ಬಾಗಿಲಿನ ಅಲಾರಮ್ಮೂ ನಿಲ್ಲುವುದಿಲ್ಲ, ಅವನು ಅಲ್ಲಿಗೆ ಬಂದದ್ದು ಮಾತ್ರ ದಾಖಲಾಗುತ್ತದೆ. ಆ ದಿನ ಮತ್ತೆ ಚಹಾ ಬರಲಿಲ್ಲ. ಅದನ್ನು ನಾನು ಕೇಳುವ ಹಾಗೂ ಇರಲಿಲ್ಲ.

ಹೊರಡುವ ಮುಂಚೆ ಉಳಿದಿದ್ದು ಒಂದೇ ಕೆಲಸ. ಎಲ್ಲ ಪಾರ್ಟಿಶನ್ನುಗಳನ್ನೂ ಬದಲಾಯಿಸಬಲ್ಲ ಇನ್‌ಸ್ಟಾಲರ್ ಕೋಡು ನನ್ನ ಹತ್ತಿರವೇ ಇತ್ತು. ಮಾಲೀಕರನ್ನು ಕರೆದು, ನಾನು ಗೋಡೆಯ ಕಡೆ ಮುಖ ಮಾಡಿ ನಿಂತು, ಅದನ್ನು ಅವರ ಕೈಯಲ್ಲೇ ಬದಲಾಯಿಸಿಸಿದೆ.